ಕೂತ್ಕೊಳ್ಳಿ ಎನ್ನುವವರಿಲ್ಲದ ಪಾರ್ಕು

ಮೊನ್ನೆ ಪುತ್ತೂರಿಗೆ ಕಣ್ಣು ತೋರಿಸಲು ಹೋಗಿದ್ದೆ. ಸರದಿ ಬರುವಾಗ ಮಧ್ಯಾಹ್ನವಾದೀತು ಎಂದು ನರ್ಸು ಹೇಳಿದ್ದರಿಂದ ಮೊಮ್ಮಗಳು ನನ್ನನ್ನು ಹತ್ತಿರದ ಹೊಸ ಪಾರ್ಕಿಗೆ ಕರೆದುಕೊಂಡು ಹೋದಳು. ಒಂದು ಬೆಂಚೂ ಖಾಲಿ ಇರಲಿಲ್ಲ. ಕೆಲವರು ಕಾಲು ಚಾಚಿ, ಕೆಲವರು ತಮ್ಮ ಚೀಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ತಲೆ ತಗ್ಗಿಸಿ ಫೋನು ನೋಡುತ್ತಿದ್ದರು. ಮುದುಕನೊಬ್ಬ ಕೋಲೂರಿ ಎದುರು ನಿಂತಿದ್ದಾನೆಂದು ಯಾರಿಗೂ ಕಾಣಲಿಲ್ಲ. ಮೊಮ್ಮಗಳಿಗೆ ಸಿಟ್ಟು ಬಂತು. ನನಗೂ ಬಂತು, ಆದರೆ ನನ್ನ ಸಿಟ್ಟು ಹಳೆಯದು. ಇದೇ ಊರಿನವರನ್ನು ಪಾರ್ಕಿನ ಬೆಂಚಿನಲ್ಲಿ ಕೂರಿಸಲು ಒಂದು ವರ್ಷ ನಾನು ಪಟ್ಟ ಪಾಡು ನೆನಪಾಗಿ, ಈಗ ಎಷ್ಟು ಸಲೀಸಾಗಿ ಕೂತಿದ್ದಾರೆ ನೋಡು ಎಂದು ಹೊಟ್ಟೆ ಉರಿಯಿತು.

"ಕೂರಿಸಲಿಕ್ಕೆ ಎಂತ ಪಾಡು ಅಜ್ಜ? ಬೆಂಚು ಇದ್ದರೆ ಕೂರುದಲ್ವಾ?" ಎಂದಳು.

ನಾನೂ ಆ ವಯಸ್ಸಿನಲ್ಲಿ ಹಾಗೆಯೇ ತಿಳಿದಿದ್ದೆ. ಸಮಿತಿಯವರೂ ಹಾಗೆಯೇ ತಿಳಿದಿದ್ದರು.

ಅರವತ್ತರ ದಶಕದ ಸುರುವಿನ ಮಾತು. ಪುತ್ತೂರು ಆಗ ಪೇಟೆಯಾಗಲು ಹೊರಟಿತ್ತು. ಸುಳ್ಯ, ಕಡಬ, ಸುತ್ತಲಿನ ಹಳ್ಳಿಗಳವರೆಲ್ಲ ಆಸ್ಪತ್ರೆಗೆ, ಕೋರ್ಟಿಗೆ, ಸೋಮವಾರದ ಸಂತೆಗೆ ಅಲ್ಲಿಗೇ ಬರಬೇಕು. ಬಂದ ಕೆಲಸ ಬೆಳಿಗ್ಗೆಯೇ ಮುಗಿದರೂ ತಿರುಗಿ ಹೋಗುವ ಬಸ್ಸು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಜನ ಅಂಗಡಿಗಳ ಮಾಡಿನಡಿಯಲ್ಲಿ ಗಂಟುಮೂಟೆ ಹಿಡಿದು ನಿಂತೇ ಇರುತ್ತಿದ್ದರು. ಮೈಸೂರು ನೋಡಿ ಬಂದ ಕೆಲವು ಗಣ್ಯರಿಗೆ ನಮ್ಮ ಪೇಟೆಗೂ ಒಂದು ಪಾರ್ಕು ಬೇಕು ಎಂದು ಹೊಳೆಯಿತು. ಸಮಿತಿ ಮಾಡಿದರು. ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ಮೇಲೆ, ಗುಡ್ಡೆಯ ಬದಿಯಲ್ಲಿ ಒಂದು ತುಂಡು ಸರಕಾರಿ ಜಾಗ ಸಿಕ್ಕಿತು. ಅದೇ ಜಾಗದ ಮೇಲೆ ಲಾರಿ ನಿಲ್ಲಿಸುವವರ ಕಣ್ಣೂ ಇತ್ತು. ಮಂಗಳೂರಿನ ಸರಕಾರಿ ಕಚೇರಿಯ ಸಾಹೇಬರು ಇಬ್ಬರಿಗೂ ಬೇಸರವಾಗದ ಹಾಗೆ ತೀರ್ಮಾನ ಕೊಟ್ಟರು. ಈ ವರ್ಷ ಪಾರ್ಕು ಮಾಡಿ ನಡೆಸಿ, ಮುಂದಿನ ಮಳೆಗಾಲದ ಮೊದಲು ನಾನೇ ಬಂದು ನೋಡುತ್ತೇನೆ, ಜನ ಬಳಸುತ್ತಿದ್ದರೆ ಪಾರ್ಕು, ಇಲ್ಲದಿದ್ದರೆ ಲಾರಿ.

ಆ ವರ್ಷದ ಮಟ್ಟಿಗೆ ಪಾರ್ಕಿನ ಮೇಲ್ವಿಚಾರಕ ಎಂದು ನನ್ನನ್ನು ನೇಮಿಸಿದರು. ನಾನು ಸುಳ್ಯದ ಕಡೆಯ ಗೌಡರ ಮನೆಯವ, ಎಸ್ಸೆಸ್ಸೆಲ್ಸಿ ಪಾಸು, ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಡತಿ ದೇವಕಿ ಬಸುರಿ. ಪಾರ್ಕಿನ ಹಿಂದೆಯೇ ಒಂದು ಕೋಣೆಯ ಬಾಡಿಗೆ ಮನೆ. ಪಾರ್ಕು ಉಳಿದರೆ ಕೆಲಸ ಕಾಯಂ. ಲಾರಿ ಬಂದರೆ ಹೆಂಡತಿ ಮಗುವನ್ನು ಕಟ್ಟಿಕೊಂಡು ಊರಿಗೆ ಹೋಗಿ ಅಣ್ಣಂದಿರ ಕೈಕೆಳಗೆ ನಿಲ್ಲಬೇಕು. ಪೇಟೆಗೆ ಹೋಗಿ ದೊಡ್ಡ ಜನ ಆಗ್ತೇನೆ ಎಂದು ಹಾರಾಡಿ ಬಂದವನಿಗೆ ಅದಕ್ಕಿಂತ ಸಾಯುವುದೇ ಲೇಸು ಎನ್ನಿಸುತ್ತಿತ್ತು.

ಪಾರ್ಕಿನ ನಕ್ಷೆ ಮಂಗಳೂರಿನಿಂದ ಬಂತು. ಮಾಡಿದವರು ಜಾಗ ನೋಡಿರಲಿಲ್ಲ. ಕಾಗದದ ಮೇಲೆ ಅದು ಚಪಾತಿಯಷ್ಟು ಚಪ್ಪಟೆ. ಇಲ್ಲಿ ನೋಡಿದರೆ ಒಂದು ತುದಿಯಲ್ಲಿ ಬಿಟ್ಟ ತೆಂಗಿನಕಾಯಿ ಇನ್ನೊಂದು ತುದಿಗೆ ತಾನೇ ಉರುಳಿ ಹೋಗುತ್ತದೆ. ಗುಡ್ಡೆ ಕಡಿದು ಸಮ ಮಾಡುವುದರಲ್ಲೇ ಚಳಿಗಾಲ ಕಳೆಯಿತು. ನಕ್ಷೆಯ ನಡುವೆ ಒಂದು ಕಾರಂಜಿ ಬೇರೆ. ಬೇಸಗೆಯಲ್ಲಿ ಬಾವಿಯ ತಳಕ್ಕೆ ಕೊಡಪಾನ ತಾಗುವ ಊರಿನಲ್ಲಿ ಕಾರಂಜಿ ಯಾಕೆ ಸ್ವಾಮಿ ಎಂದು ಕೇಳಿದ್ದಕ್ಕೆ ಸಮಿತಿಯ ಅಧ್ಯಕ್ಷರು, "ನಕ್ಷೆಯಲ್ಲಿ ಉಂಟಲ್ಲ ಮಾರಾಯ, ಮತ್ತೆ ಎಂತ ಕೇಳುದು?" ಎಂದರು. ಕಟ್ಟಿದೆವು. ನೀರು ಬರಲಿಲ್ಲ. ಯಾರೋ ಅದನ್ನು ಯಾವುದೋ ದೈವದ ಕಟ್ಟೆ ಎಂದುಕೊಂಡು ಮೊದಲ ವಾರದಲ್ಲೇ ಹೂ ಇಟ್ಟು ಕೈಮುಗಿದು ಹೋದರು.

ಹುಲ್ಲಿನ ಕತೆ ಕೇಳಿದರೆ ಇನ್ನೂ ಚಂದ. ನಕ್ಷೆಯಲ್ಲಿ ಹುಲ್ಲುಹಾಸು ಎಂದಿತ್ತು. ಹುಲ್ಲಿಗೆ ಯಾಕೆ ಚಿಂತೆ ಎಂದು ಸಮಿತಿಯ ಒಬ್ಬ ಸದಸ್ಯರು ಕೊಯಿಲದ ಕಡೆಯಿಂದ ಗೋಣಿಗಟ್ಟಲೆ ಬೇರು ತರಿಸಿದರು. ಅದು ಜಾನುವಾರಿಗೆಂದು ಬೆಳೆಸುವ ಹುಲ್ಲು. ನೆಟ್ಟು ನೀರು ಹನಿಸಿದ್ದೇ ತಡ, ಮೊಣಕಾಲಿನಷ್ಟು ಎತ್ತರಕ್ಕೆ ಬಂತು. ಪುತ್ತೂರಿನ ಮನುಷ್ಯರಿಗೆ ಪಾರ್ಕು ಎಂದರೆ ಏನೆಂದು ಗೊತ್ತಾಗುವ ಮೊದಲು ದನಗಳಿಗೆ ಗೊತ್ತಾಯಿತು. ಬೇಲಿ ಹಾರಿ ಬರುವ ದನ ಓಡಿಸುವುದೇ ನನ್ನ ಮೇಲ್ವಿಚಾರಣೆ.

ಅಲ್ಲಿದ್ದ ಒಂದೇ ಒಂದು ಒಳ್ಳೆಯ ವಸ್ತು ದೊಡ್ಡ ಕಾಟುಮಾವಿನ ಮರ. ನಕ್ಷೆಯಲ್ಲಿ ಮರವಿರಲಿಲ್ಲ, ಹಾಗಾಗಿ ಕಡಿಯಬೇಕು ಎಂದರು. ಆ ದಿನ ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನೆರಳಿಲ್ಲದ ಪಾರ್ಕಿಗಿಂತ ಲಾರಿಯೇ ವಾಸಿ, ಅದರ ಅಡಿಯಲ್ಲಾದರೂ ನೆರಳಿರುತ್ತದೆ ಎಂದೆ. ಅಧ್ಯಕ್ಷರ ಮುಖ ಕೆಂಪಾಯಿತು, ಮರ ಉಳಿಯಿತು. ಅದರ ಕೆಳಗೆ ಮುರಕಲ್ಲಿನ ಬೆಂಚುಗಳನ್ನು ಕಟ್ಟಿಸಿ ಸಿಮೆಂಟು ಮೆತ್ತಿಸಿದೆ. ಗೇಟಿನಲ್ಲಿ ಬೋರ್ಡು ಹಾಕಿಸಿದರು. ಹೂ ಕೀಳಬಾರದು, ಉಗುಳಬಾರದು, ಹುಲ್ಲು ತುಳಿಯಬಾರದು, ಕೂಗಬಾರದು. ಏನು ಮಾಡಬಹುದು ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಪಾರ್ಕು ತೆರೆಯಿತು. ರಿಬ್ಬನು ಕತ್ತರಿಸಿ, ಭಾಷಣ ಮಾಡಿ, ಶರಬತ್ತು ಕುಡಿದು ಗಣ್ಯರು ಹೋದರು. ಮರುದಿನದಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಬರಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ಗಾಳಿ ಬೀಸಿದರೆ ಮಾವಿನ ಹಣ್ಣು ಹೆಕ್ಕಲು ಬರುತ್ತಿದ್ದರು, ಹೆಕ್ಕಿ ಹೋಗುತ್ತಿದ್ದರು. ಬಸ್ಸಿಗೆ ಕಾಯುವವರು ಗೇಟಿನವರೆಗೆ ಬಂದು, ಒಳಗೆ ಇಣುಕಿ, ಬಿಸಿಲಿನಲ್ಲೇ ನಿಲ್ಲುತ್ತಿದ್ದರು. ಎದುರಿಗೇ ತಣ್ಣಗಿನ ನೆರಳು, ಬೆಂಚು. ಕೂರುವುದಿಲ್ಲ. ಒಂದು ದಿನ ಕಡಬದ ಕಡೆಯ ಒಬ್ಬರನ್ನು ಕೇಳಿಯೇಬಿಟ್ಟೆ.

"ಒಳಗೆ ಹೋಗಿ ಕೂರಬಾರದಾ?"

"ಯಾರದ್ದು ಜಾಗ?"

"ಸರಕಾರದ್ದು."

"ಹಾಗಾದರೆ ಬೇಡ," ಎಂದು ಅವರು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಅಲ್ಲ ಮಾರಾಯ್ರೆ, ಸಾರ್ವಜನಿಕರದ್ದು, ನಿಮ್ಮದೇ," ಎಂದೆ. ಪೇಟೆಯವರು ಟೋಪಿ ಹಾಕಲು ನೋಡುತ್ತಿದ್ದಾರೆ ಎನ್ನುವ ಹಾಗೆ ನನ್ನ ಮುಖ ನೋಡಿ ಆಚೆ ಹೋದರು.

ಪಾರ್ಕಿನ ಎದುರು ಹಸನಬ್ಬ ಎಂಬ ಬ್ಯಾರಿ ಮುಸ್ಲಿಮರೊಬ್ಬರ ಅಂಗಡಿ. ಕೊಡೆ, ಲಾಟೀನು, ಚಾಪೆ ಮಾರುತ್ತಿದ್ದರು. ಅಂಗಡಿಯ ಮುಂದಿನ ಹಲಗೆ ಬೆಂಚಿನಲ್ಲಿ ಮೂವರು ಕೂರುವ ಕಡೆ ಆರು ಜನ ಇರುತ್ತಿದ್ದರು. ಗಿರಾಕಿಗಳು ಒಳಗೆ ಹೋಗಲು ದಾರಿಯೇ ಇಲ್ಲ.

"ಗೌಡ್ರೆ, ಇವರನ್ನು ನಿಮ್ಮ ಪಾರ್ಕಿಗೆ ಕೊಂಡುಹೋಗಿ," ಎಂದು ಹಸನಬ್ಬ ದಿನಾ ಗೋಗರೆಯುತ್ತಿದ್ದರು. "ನನಗೆ ಯಾಪಾರ ಇಲ್ಲ."

"ನೀವು ಅವರನ್ನು ಏಳಿಸಿ, ತಾನೇ ಬರುತ್ತಾರೆ."

"ಬಾಗಿಲಿಗೆ ಬಂದವರನ್ನು ಏಳಿಸುದು ಹೇಗೆ? ನಮ್ಮ ಬಾಯಿಗೆ ಆ ಮಾತು ಬರುದಿಲ್ಲ."

ನನ್ನ ಬಾಯಿಗೆ ಬೇರೆ ಎಷ್ಟೋ ಮಾತುಗಳು ಬರುತ್ತಿದ್ದವು. ಎಲ್ಲವನ್ನೂ ನುಂಗಿಕೊಂಡು ಖಾಲಿ ಬೆಂಚುಗಳ ಧೂಳು ಒರೆಸುತ್ತಿದ್ದೆ.

ದೇವಕಿಗೆ ದಿನ ತುಂಬುತ್ತ ಬಂದಾಗ ಅತ್ತೆ ಸುಳ್ಯದಿಂದ ಬಂದರು. ಪೂವಮ್ಮ ಎಂದು ಹೆಸರು. ಸಣ್ಣ ಆಳು, ದೊಡ್ಡ ಗಂಟಲು. ತಾನು ಹೇಳಿದ್ದೇ ಆಗಬೇಕು ಎನ್ನುವವರು. ಅವರು ಬಂದ ದಿನದಿಂದ ನಮ್ಮ ಕೋಣೆಯಲ್ಲಿ ನನ್ನ ಚಾಪೆಗೂ ಜಾಗವಿರಲಿಲ್ಲ, ನನ್ನ ಮಾತಿಗೂ ಜಾಗವಿರಲಿಲ್ಲ. ಅವರು ಮನೆಯಲ್ಲಿ ಆಡುತ್ತಿದ್ದದ್ದು ನಮ್ಮ ಗೌಡರ ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ನನಗೆ ಪಾರ್ಕಿಗೇ ಊಟ ತಂದರು. ಗೇಟಿನ ಹೊರಗೆ ಒಬ್ಬ ಮುದುಕಿ, ಆಸ್ಪತ್ರೆಯಿಂದ ಬಂದ ಬಸುರಿ ಮಗಳನ್ನು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಿದ್ದಳು.

"ಅಳಿಯಂದಿರೆ, ಅವರು ಯಾಕೆ ನಿಂತದ್ದು?"

"ನನಗೇನು ಗೊತ್ತು? ಬೆಂಚು ಉಂಟು, ಬೇಕಾದರೆ ಕೂರಲಿ."

"ನೀವು ಕರೆದಿರಾ?"

"ಪಾರ್ಕಿಗೆ ಯಾರಾದರೂ ಕರೆಯುದುಂಟಾ ಅತ್ತೆ?"

"ಹೆಣ್ಣು ನೋಡಲಿಕ್ಕೆ ನಮ್ಮ ಮನೆಗೆ ಬಂದಾಗ ನೀವು ಕರೆಯದೆ ಕೂತಿರಾ? ನಮ್ಮವರು ತೋಟದಿಂದ ಬಂದು ಕೂತ್ಕೊಳ್ಳಿ ಅನ್ನುವವರೆಗೆ ಜಗಲಿಯ ಕಂಬ ಹಿಡಿದು ನಿಂತೇ ಇದ್ದಿರಿ. ಕಾಲು ನೋಯಲಿಲ್ಲವಾ ಆಗ?"

ಅಷ್ಟು ಹೇಳಿ ಅವರು ಗೇಟಿಗೆ ಹೋದರು. "ಬನ್ನಿ ಬನ್ನಿ, ಎಂತ ನಿಂತದ್ದು? ಕೂತ್ಕೊಳ್ಳಿ. ಎಲ್ಲಿಂದ ಬಂದದ್ದು? ಎಷ್ಟು ತಿಂಗಳು?" ಮುದುಕಿ ಮಗಳನ್ನು ಕರೆದುಕೊಂಡು ಒಳಗೆ ಬಂದಳು. ಕೂತಳು. ಅಷ್ಟೇ. ನಾನು ವಾರಗಟ್ಟಲೆ ಮಾಡಲಾಗದ್ದು ಒಂದು ಉಸಿರಿನಲ್ಲಿ ಆಯಿತು. ನನಗೆ ಸಂತೋಷವಾಗಬೇಕಿತ್ತು. ಎಲ್ಲಿಲ್ಲದ ಸಿಟ್ಟು ಬಂತು.

ಮರುದಿನದಿಂದ ಅತ್ತೆ ಮನೆಕೆಲಸ ಮುಗಿಸಿ, ಒಂದು ಚೊಂಬು ನೀರು, ಒಂದು ತಟ್ಟೆ ಬೆಲ್ಲ ಹಿಡಿದುಕೊಂಡು ಗೇಟಿನೊಳಗೆ ಕೂರತೊಡಗಿದರು. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ ನೀರು, ಮತ್ತೆ ಮಾತು. ಆ ಮರ್ಯಾದೆಯನ್ನು ಅವರು ಸರಕಾರಿ ಜಾಗಕ್ಕೂ ತಂದರು. ಕೆಲವರು ನೀರು ಮುಟ್ಟುತ್ತಿರಲಿಲ್ಲ, ಬೆಲ್ಲ ಮಾತ್ರ ತೆಗೆದುಕೊಳ್ಳುತ್ತಿದ್ದರು. ಯಾಕೆಂದು ಅತ್ತೆಯೂ ಕೇಳುತ್ತಿರಲಿಲ್ಲ. ಅವರಿಗೂ ಜಾತಿಯ ಆ ಲೆಕ್ಕವೆಲ್ಲ ಗೊತ್ತಿತ್ತು. ಯಾವ ಊರು, ಯಾರ ಮನೆ ಎಂದು ವಿಚಾರಿಸಿ, ಅವರವರಿಗೆ ತಕ್ಕ ಹಾಗೆ ಒಬ್ಬರಿಗೆ "ಬನ್ನಿ", ಇನ್ನೊಬ್ಬರಿಗೆ "ಬಾ". ಬೆಂಚು ತುಂಬಿತು. ಹಸನಬ್ಬನವರ ಹಲಗೆ ಖಾಲಿಯಾಯಿತು. ಮಧ್ಯೆ ದೇವಕಿಗೆ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೂ ಅತ್ತೆ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಮಲಗಿಸಿ, ಪಾರ್ಕಿಗೆ ಹಾಜರು. ಜನ ಅದನ್ನು "ಸುಳ್ಯದಮ್ಮನ ಪಾರ್ಕು" ಎನ್ನತೊಡಗಿದರು. ಸಂಬಳ ತೆಗೆದುಕೊಳ್ಳುವ ಮೇಲ್ವಿಚಾರಕನನ್ನು ಆ ಅಮ್ಮನ ಅಳಿಯ ಎಂದು ಗುರುತಿಸುತ್ತಿದ್ದರು.

ಅಷ್ಟರಲ್ಲಿ ಅಧ್ಯಕ್ಷರಿಗೆ ಎಚ್ಚರವಾಯಿತು. ಒಂದು ದಿನ ಬಂದು ಬೆಲ್ಲದ ತಟ್ಟೆ ನೋಡಿದರು.

"ಇದೆಂತ ಹೋಟೆಲಾ? ಸಾಹೇಬರು ಬರುವ ಹೊತ್ತಿಗೆ ಇಲ್ಲಿ ಹೀಗೆ ಚೊಂಬು ಇಟ್ಟು ಕೂತರೆ ಸಮಿತಿಯ ಮರ್ಯಾದೆ ಎಂತ ಆಗಬೇಕು? ಈ ಹೆಂಗಸು ಯಾರು?"

"ನನ್ನ ಅತ್ತೆ. ಇವರು ಬಂದ ಮೇಲೆಯೇ ಜನ..." ಎಂದು ನಾನು ಹೇಳುತ್ತಿದ್ದ ಹಾಗೆ ಅವರು ಕೈ ಅಡ್ಡ ಮಾಡಿದರು. "ಮನೆಯವರನ್ನು ಮನೆಯಲ್ಲಿ ಇಟ್ಟುಕೋ ಮಾರಾಯ."

ಅತ್ತೆ ಎದ್ದರು, ಚೊಂಬಿನ ನೀರನ್ನು ಮಾವಿನ ಬುಡಕ್ಕೆ ಹೊಯ್ದರು, ತಟ್ಟೆ ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಹೋದರು. ಆ ವಾರವೇ ಮಗಳನ್ನೂ ಮಗುವನ್ನೂ ಕರೆದುಕೊಂಡು ಸುಳ್ಯದ ಬಸ್ಸು ಹತ್ತಿದರು. ಹೇಗೂ ಬಾಣಂತಿಯನ್ನು ಕರೆದುಕೊಂಡು ಹೋಗಬೇಕಿತ್ತು ಎಂದರು. ಬಸ್ಸು ಹೊರಡುವಾಗ ಮಾತ್ರ ಕಿಟಕಿಯಿಂದ ಹೇಳಿದರು: "ಬೇಡ ಅಂದಲ್ಲಿ ನಾನು ಯಾರನ್ನು ಕರೆಯುದು? ಇನ್ನು ನೀವೇ ಕರೆಯಿರಿ."

ನಾನು ಕರೆಯುವುದೇ? ಅಂಥ ಮಾತು ನನ್ನ ನಾಲಗೆಯಲ್ಲಿ ಹೊರಳುತ್ತಿರಲಿಲ್ಲ. ಜನ ಗೇಟಿಗೆ ಬಂದು, "ಅಮ್ಮ ಇಲ್ವಾ?" ಎಂದು ಕೇಳಿ, ಇಲ್ಲ ಎಂದರೆ ಯಾರೂ ಇಲ್ಲದ ಮನೆಗೆ ಬಂದವರ ಹಾಗೆ ತಿರುಗಿ ಹೋಗುತ್ತಿದ್ದರು. ಹಸನಬ್ಬನವರ ಹಲಗೆ ಮತ್ತೆ ತುಂಬಿತು.

ಸಾಹೇಬರು ಬರುವ ದಿನ ಗೊತ್ತಾಯಿತು. ಸಂತೆಯ ಸೋಮವಾರ. ಮಳೆ ಇನ್ನೇನು ಬರಬೇಕು, ಸೆಕೆ ಎಂದರೆ ಅಂಗಿ ಮೈಗೆ ಅಂಟುವ ಸೆಕೆ. ಸಂತೆಯ ಜನ ರಸ್ತೆಯಲ್ಲಿ ಜಾತ್ರೆಯ ಹಾಗೆ ತುಂಬಿದ್ದರು. ಪಾರ್ಕಿನೊಳಗೆ ನಾನು, ಒಂದು ದನ. ಅಧ್ಯಕ್ಷರು ಬಿಳಿ ಪಂಚೆ ಉಟ್ಟು ಬಂದವರು ಖಾಲಿ ಬೆಂಚುಗಳನ್ನು ನೋಡಿ ನನ್ನ ಮೇಲೇ ಹರಿಹಾಯ್ದರು. "ಜನ ಎಲ್ಲಿ? ಎಂತ ಮೇಲ್ವಿಚಾರಣೆ ನಿನ್ನದು?" ಜನರನ್ನು ಕರೆಯುತ್ತಿದ್ದ ಅತ್ತೆಯನ್ನು ಕಳಿಸಿದ್ದು ಅವರೇ. ನಾನು ದನ ಓಡಿಸಲು ಹೋದೆ. ಸಾಹೇಬರನ್ನು ಎದುರುಗೊಳ್ಳಲು ಅವರು ಕೆಳಗೆ ಹೋದರು.

ನಾನು ಗೇಟಿನಲ್ಲಿ ನಿಂತು ಕೂಗಿದೆ. "ಒಳಗೆ ಬನ್ನಿ, ಕೂತ್ಕೊಳ್ಳಿ." ಹತ್ತಿರವಿದ್ದ ನಾಲ್ಕು ಜನ ಬೆಚ್ಚಿ ಚದುರಿದರು. ಹಸನಬ್ಬ ಅಂಗಡಿಯಿಂದ ಹೊರಗೆ ಬಂದರು.

"ಹಾಗೆ ಕರೆಯುದಾ ಗೌಡ್ರೆ? ಪೊಲೀಸು ಕರೆದ ಹಾಗೆ ಆಯ್ತು. ಎಲ್ಲಿಂದ ಬಂದದ್ದು ಅಂತ ಕೇಳಿ ಮೊದಲು."

ಕೇಳಿದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯ ಕೆಲಸ ಮಾಡಿರಲಿಲ್ಲ. ಮನೆಯಿಂದ ಅತ್ತೆ ಬಿಟ್ಟುಹೋದ ಬೆಲ್ಲ ತಂದೆ, ನೀರು ತಂದೆ. "ಎಲ್ಲಿಂದ ಬಂದದ್ದು? ಕಡಬದಿಂದವಾ? ಬಸ್ಸು ತಡ ಉಂಟಲ್ಲ, ಕೂತ್ಕೊಳ್ಳಿ." ಒಬ್ಬರು ಬಂದರು. ಅವರನ್ನು ನೋಡಿ ಇನ್ನೊಬ್ಬರು. ಒಂದು ಹೆಂಗಸು ನಿದ್ದೆಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಒಂದೊಂದೇ ಬೆಂಚು ತುಂಬತೊಡಗಿತು.

ಬೇಲಿಯ ಹೊರಗೆ, ಚರಂಡಿಯ ಬದಿಯಲ್ಲಿ, ವಯಸ್ಸಾದವರೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದರು. ಧಣಿಗಳ ಬಾಳೆಗೊನೆಗಳನ್ನು ಸಂತೆಗೆ ಹೊತ್ತು ತಂದವರು, ಪಕ್ಕದಲ್ಲಿ ಖಾಲಿ ಬುಟ್ಟಿ. ಪ್ರತಿ ಸೋಮವಾರವೂ ಅವರು ಅಲ್ಲಿಯೇ ಇರುತ್ತಿದ್ದರಂತೆ. ಅತ್ತೆ ಅವರನ್ನು ಕರೆದಿರಲಿಲ್ಲ. ಅವರಂಥವರನ್ನು ನಮ್ಮ ಕಡೆ ಯಾರೂ ಜಗಲಿಗೆ ಹತ್ತಿಸುತ್ತಿರಲಿಲ್ಲ. ಅಂಗಳದ ಕೊನೆಯಲ್ಲಿ ನಿಂತು ಮಾತಾಡಿ ಹೋಗಬೇಕು. ನನಗೆ ಆ ಹೊತ್ತಿನಲ್ಲಿ ಸಮಾಜ ಸುಧಾರಣೆಯ ಯೋಚನೆ ಏನೂ ಇರಲಿಲ್ಲ. ಖಾಲಿ ಬೆಂಚು ಕಂಡಿತು, ಮನುಷ್ಯರೊಬ್ಬರು ಕಂಡರು, ಬಾಯಿ ಆಗಲೇ ಓಟಕ್ಕೆ ಬಿದ್ದಿತ್ತು. ತುಳುವಿನಲ್ಲಿ, "ಬಲೆ, ಕುಲ್ಲುಲೆ," ಎಂದೆ. ಬನ್ನಿ, ಕೂತ್ಕೊಳ್ಳಿ ಎಂದು, ಹಿರಿಯರಿಗೆ ಹೇಳುವ ಹಾಗೆಯೇ.

ಅವರು ಹಿಂದೆ ತಿರುಗಿ ನೋಡಿದರು, ಯಾರನ್ನು ಕರೆದದ್ದೆಂದು. ಮತ್ತೊಮ್ಮೆ ಹೇಳಿದ ಮೇಲೆ ಎದ್ದು, ಬುಟ್ಟಿಯನ್ನು ಹೊರಗೇ ಬಿಟ್ಟು, ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಅದೇ ಬೆಂಚಿನಲ್ಲಿದ್ದ ಇಬ್ಬರು ಎದ್ದರು. ಪಕ್ಕದ ಬೆಂಚಿನವರೂ ಎದ್ದರು. ಒಬ್ಬರು ನನ್ನ ಕಡೆ ದುರುಗುಟ್ಟಿ, "ಇದಕ್ಕಾ ನಮ್ಮನ್ನು ಕರೆದದ್ದು?" ಎಂದು ಗೇಟು ದಾಟಿದರು. ಕೆಳಗಿನ ತಿರುವಿನಲ್ಲಿ ಸಾಹೇಬರ ಜೀಪಿನ ಸದ್ದು ಕೇಳುತ್ತಿತ್ತು.

ಆ ಕ್ಷಣದಲ್ಲಿ ನನಗೆ ಬಂದಂಥ ಸಿಟ್ಟು ಮತ್ತೆ ಯಾವತ್ತೂ ಬಂದಿಲ್ಲ. ಕೆಲಸ ಹೋಯಿತು ಎಂದು ಗೊತ್ತಾಯಿತು. ಆ ಹಿರಿಯರನ್ನು ಏಳಿ ಎಂದಿದ್ದರೆ ಹೋದವರು ತಿರುಗಿ ಬರುತ್ತಿದ್ದರು, ಅದೂ ಗೊತ್ತಿತ್ತು. ಕರೆದು ಕೂರಿಸಿದವರನ್ನು ಏಳಿಸುವ ಮಾತು ನನ್ನ ಬಾಯಿಗೂ ಬರಲಿಲ್ಲ. ಲಾರಿಯೇ ಬರಲಿ, ಹಾಳಾಗಿ ಹೋಗಲಿ ಎಂದುಕೊಂಡೆ.

ಆಗ ಹಸನಬ್ಬ ಅಂಗಡಿ ಬಿಟ್ಟು ಬಂದರು. ಆ ಬೆಂಚಿನಲ್ಲಿ ಹಿರಿಯರ ಪಕ್ಕದಲ್ಲಿ ಕೂತು, ತಟ್ಟೆಯಿಂದ ಒಂದು ತುಂಡು ಬೆಲ್ಲ ತೆಗೆದುಕೊಂಡು, ಇನ್ನೊಂದನ್ನು ಅವರ ಕೈಗೆ ಕೊಟ್ಟರು. ಮಗುವನ್ನು ಹೊತ್ತ ಹೆಂಗಸು ಎದ್ದೇ ಇರಲಿಲ್ಲ. ನಿದ್ದೆಹೋದ ಮಗು, ಅವಳು ಎಲ್ಲಿಗೆ ಹೋಗುವುದು? ಹೋಗುವವರು ಹೋದರು, ಕೂತವರು ಕೂತರು. ಸಾಹೇಬರು ಗೇಟಿನೊಳಗೆ ಬಂದಾಗ ಅರ್ಧಕ್ಕರ್ಧ ಬೆಂಚುಗಳಲ್ಲಿ ಜನವಿದ್ದರು.

ಅವರು ಒಣ ಕಾರಂಜಿ ನೋಡಿದರು, ಹುಲ್ಲು ನೋಡಿದರು, ನಗು ತಡೆದುಕೊಂಡರು. ಬೆಂಚುಗಳ ಕಡೆ ಬಂದು ಆ ಹಿರಿಯರನ್ನೇ ನೋಡಿ ಕೇಳಿದರು, "ಇಲ್ಲಿಗೆ ಯಾವಾಗಲೂ ಬರ್ತೀರಾ?" ಆ ಪ್ರಶ್ನೆಯನ್ನು ನಾನು ತುಳುವಿನಲ್ಲಿ ಹೇಳಿದೆ. ಹಿರಿಯರು ಬೆಲ್ಲದ ಕೈ ಹಿಂದೆ ಮಾಡಿಕೊಂಡು, "ಇಲ್ಲ ಧಣಿ, ಇವತ್ತೇ ಕರೆದದ್ದು," ಎಂದರು. ಅದನ್ನು ನಾನು ಇದ್ದ ಹಾಗೆಯೇ ಕನ್ನಡದಲ್ಲಿ ಹೇಳಿದೆ. ಅಧ್ಯಕ್ಷರು ಮುಖ ಬೇರೆ ಕಡೆ ತಿರುಗಿಸಿದರು. ಸಾಹೇಬರು ಬೆಂಚುಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ ಜೀಪು ಹತ್ತಿದರು. ಪಾರ್ಕು ಪಾರ್ಕಾಗಿಯೇ ಇರಲಿ ಎಂಬ ಆದೇಶ ಆ ತಿಂಗಳಲ್ಲೇ ಬಂತು. ಸಮಿತಿಯ ಪರಿಶ್ರಮ ಸಾರ್ಥಕವಾಯಿತೆಂದು ಅಧ್ಯಕ್ಷರು ಊರೆಲ್ಲ ಹೇಳಿಕೊಂಡು ಬಂದರು.

ಆ ಸೋಮವಾರ ಸಂಜೆ ಕಡಬದ ಬಸ್ಸೂ ಹೋಯಿತು, ಸಂತೆಯೂ ಮುರಿಯಿತು. ಗೇಟು ಹಾಕಲು ಹೋದರೆ ಆ ಹಿರಿಯರು ಅಲ್ಲೇ, ಅದೇ ಬೆಂಚಿನ ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಊರು ದೂರ, ನಡೆದೇ ಹೋಗಬೇಕು, ಮೋಡ ಬೇರೆ ಕಟ್ಟಿತ್ತು.

"ಹೋಗುದಿಲ್ವಾ?" ಎಂದು ಕೇಳಿದೆ.

"ನೀವು ಕೂತ್ಕೊಳ್ಳಿ ಅಂದಿರಿ. ಏಳು ಅಂತ ಹೇಳಲಿಲ್ಲ," ಎಂದರು. ಅವರ ಪಾಲಿಗೆ ನನ್ನದು ಕರೆಯಲ್ಲ, ಅಪ್ಪಣೆ. ಇಡೀ ಮಧ್ಯಾಹ್ನ ಅವರು ಅಪ್ಪಣೆ ಪಾಲಿಸುತ್ತ ಕೂತಿದ್ದರು. ನನ್ನ ಮೇಲೆ, ಸಮಿತಿಯ ಮೇಲೆ, ನಮ್ಮ ಮನೆಯ ಜಗಲಿಯ ಮೇಲೆ, ಎಲ್ಲದರ ಮೇಲೂ ಅಸಹ್ಯ ಹುಟ್ಟಿತು. ಯಾವಾಗ ಬೇಕಾದರೂ ಏಳಬಹುದು, ಯಾವಾಗ ಬೇಕಾದರೂ ಕೂರಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದು ಹೇಳುವಾಗ ನನ್ನ ದನಿ ಏರಿತ್ತು.

ಅವರು ಎದ್ದು, ಬೇಲಿಯಾಚೆಯ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು, ನಾಲ್ಕು ಹೆಜ್ಜೆ ಹೋದರು. ಮತ್ತೆ ತಿರುಗಿ ನಿಂತರು.

"ಬರುವ ಸೋಮವಾರ ಬಂದರೆ," ಎಂದು ಕೇಳಿದರು, "ಪುನಃ ಕರೀತೀರಾ?"